ಆಮೇಲೆ ಏನಾಯ್ತು?



ಹನ್ನೆರಡು ವರ್ಷಗಳ ಹಿಂದೆ ಅಪ್ಪನ ಕೆಲಸದ ನಿಮಿತ್ತ ನಾವು ಧಾರವಾಡದಿಂದ ನಗೋಯಾಕ್ಕೆ ಬಂದಾಗ ನನಗೆ ಒಂಬತ್ತು ವರ್ಷ. ಊರಿನ ಶಾಲೆಯಲ್ಲಿ ನಿಬಂಧ ಬರೆದು ಬಹುಮಾನ ಪಡೆದಿದ್ದ ನನಗೆ ಇಲ್ಲಿ ಒಂದು ವಾಕ್ಯವೂ ಬರುತ್ತಿರಲಿಲ್ಲ. ಪ್ರಬಂಧ ಬರೆಯುವ ಗೆಂಕೋ ಯೋಶಿ ಹಾಳೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು: ಸಾಲಿಗೆ 20ರಂತೆ 400 ಮನೆಗಳು, ಮನೆಗೊಂದು ಅಕ್ಷರ. ಮೊದಮೊದಲು ನಾನು ಹೆಸರಷ್ಟೇ ಬರೆದು, ಉಳಿದ ಮನೆಗಳನ್ನು ಖಾಲಿ ಬಿಟ್ಟು ಕೊಡುತ್ತಿದ್ದೆ. ಆ ಹೆಸರೂ ಪೂರ್ತಿ ನನ್ನದಾಗಿರಲಿಲ್ಲ. ಕತಕಾನ ಲಿಪಿಯಲ್ಲಿ ನಮ್ಮ ರ, ಲ, ಳ ಮೂರಕ್ಕೂ ಒಂದೇ ಅಕ್ಷರ. ಬರೆ, ಬಲೆ, ಬಳೆ ಎಲ್ಲವೂ ಅಲ್ಲಿ ಒಂದೇ.

ಹಟ ಹಿಡಿದು ಕಲಿತೆ. ತ್ಸುರುಮಾ ಉದ್ಯಾನದ ಗ್ರಂಥಾಲಯದಲ್ಲಿ ಕೂತು ಓದಿದೆ. ಹಾಳೆಗಳು ತುಂಬತೊಡಗಿದವು. ಆದರೆ ನಾನು ಏನೇ ಬರೆದರೂ ಬರುತ್ತಿದ್ದ ಮಾತು ಒಂದೇ: "ನಿನ್ನ ಜಪಾನಿ ಎಷ್ಟು ಚೆನ್ನಾಗಿದೆ!" ರಜೆಗೆ ಧಾರವಾಡಕ್ಕೆ ಹೋದರೆ ನೆಂಟರು, "ಅಯ್ಯ, ಕನ್ನಡಾ ಎಷ್ಟ ಛಲೋ ಮಾತಾಡ್ತಾಳ!" ಎನ್ನುತ್ತಿದ್ದರು. ಎರಡೂ ಕಡೆ ಪ್ರೀತಿಯ ಮಾತೇ. ಆದರೆ ಭಾಷೆಯನ್ನು ಹಾಗೆ ಹೊಗಳುವುದು ಮನೆಗೆ ಬಂದ ಅತಿಥಿಯನ್ನು. ಮನೆಯವರನ್ನು ಯಾರೂ ಹಾಗೆ ಹೊಗಳುವುದಿಲ್ಲ.

ಏಳನೆಯ ತರಗತಿಯಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಅಪ್ಪ ಒಬ್ಬರೇ ಊರಿಗೆ ಹೋದರು. ಆ ವಾರ ಈ ಶಾಲೆಯಲ್ಲಿ ಅರ್ಧ ಪುಟ ಕನ್ನಡ ಬರೆದೆ. ಒತ್ತಕ್ಷರ, ಹ್ರಸ್ವ ದೀರ್ಘ ಎಲ್ಲ ತಪ್ಪು. ಟೀಚರ್ ಕೈಯಲ್ಲಿ ಕೆಂಪು ಪೆನ್ನಿತ್ತು. ಅವರು ಅದನ್ನು ಮೇಜಿನ ಮೇಲಿಟ್ಟು, ಪೂರ್ತಿ ಓದಿ, "ಆಮೇಲೆ ಏನಾಯ್ತು?" ಎಂದು ಕೇಳಿದರು. ನಾನು ಮರುವಾರ ಇನ್ನೂ ಎರಡು ಪುಟ ಬರೆದು ತಂದೆ. ತಪ್ಪುಗಳನ್ನು ಅವರು ತಿದ್ದಿದ್ದು ಅದಾದ ಮೇಲೆ.

ಧಾರವಾಡದಲ್ಲೇ ಓದಿದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ಅವರಿಗಿದ್ದದ್ದು ಇಂಗ್ಲಿಷ್ ಕವಿಯಾಗುವ ಆಸೆ. 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಮಗ ತಿರುಗಿ ಬರುತ್ತಾನೋ ಇಲ್ಲವೋ ಎಂದು ಮನೆಯವರು ಆತಂಕಪಡುತ್ತಿದ್ದಾಗ, ಅವರ ಕೈಯಿಂದ ಬಂದದ್ದು ಕನ್ನಡ ನಾಟಕ 'ಯಯಾತಿ'. ಅಪ್ಪನಿಗಾಗಿ ಮಗ ತನ್ನ ಯೌವನವನ್ನೇ ಕೊಡುವ ಕತೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಇನ್ನು ಜಪಾನಿನಲ್ಲಿ, ಚೀನಾದಿಂದ ಬಂದ ಯಾಂಗ್ ಯಿ ಅವರಿಗೆ 2008ರಲ್ಲಿ ಅಕುತಗಾವಾ ಪ್ರಶಸ್ತಿ ಬಂತು. ಜಪಾನಿ ಮಾತೃಭಾಷೆಯಲ್ಲದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಯಾವ ಭಾಷೆಯಲ್ಲಿ ಬರೆಯಬೇಕೆಂಬುದನ್ನು ಪಾಸ್‌ಪೋರ್ಟು ನಿರ್ಧರಿಸುವುದಿಲ್ಲ ಎಂಬ ಧೈರ್ಯ ನನಗೆ ಇವರಿಬ್ಬರಿಂದ ಬಂತು.

ನಾನಿನ್ನೂ ಗೆದ್ದವಳಲ್ಲ. ಕಳೆದ ವರ್ಷ ಹೊಸಬರ ಸ್ಪರ್ಧೆಯೊಂದಕ್ಕೆ ಜಪಾನಿಯಲ್ಲಿ ಕತೆ ಕಳಿಸಿದ್ದೆ. ಮೊದಲ ಸುತ್ತಿನ ಪಟ್ಟಿಯಲ್ಲೇ ನನ್ನ ಹೆಸರಿರಲಿಲ್ಲ. ಅಪ್ಪ, "ಕಥಿ ಬರದ್ರ ವೀಸಾ ಕೊಡ್ತಾರೇನವಾ?" ಎಂದು ಕೇಳಿದರು. ಅವರ ಚಿಂತೆ ಸುಳ್ಳಲ್ಲ. ನಾನೂ ಕೆಲಸ ಹುಡುಕುತ್ತಿದ್ದೇನೆ. ಆದರೆ ಅದೇ ರಾತ್ರಿ ಅಪ್ಪ ಆ ಕತೆಯನ್ನು ಕನ್ನಡದಲ್ಲಿ ಹೇಳು ಎಂದರು. ಹೇಳುತ್ತಾ ಹೋದೆ. ನಡುವೆ ನಿಲ್ಲಿಸಿದಾಗ ಅವರೂ, "ಮುಂದ ಏನಾತು?" ಎಂದರು. ಆ ಕತೆಯನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪೋಷಕರಲ್ಲಿ, ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ. ಮಗು ಒಂದು ಸಾಲು ಬರೆದು ತಂದರೆ, ಒತ್ತಕ್ಷರ ತಿದ್ದುವ ಮೊದಲು, ಭೇಷ್ ಎನ್ನುವುದಕ್ಕೂ ಮೊದಲು, ಆಮೇಲೆ ಏನಾಯ್ತು ಎಂದು ಕೇಳಿ. ಕೇಳುವವರಿದ್ದಲ್ಲಿ ಮಗು ಅತಿಥಿಯಾಗಿ ಉಳಿಯುವುದಿಲ್ಲ.

ತಮ್ಮ ತಂಗಿಯರಿಗೆ ಶುಭವಾಗಲಿ.