ದುಡಿಯುತ್ತ ಓದಿದವನ ಲೆಕ್ಕ
(ಯುವಕ ಮಂಡಲದ ವಾರ್ಷಿಕ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದೆನೆಂದು ತಾವು ಈಗ ನನಗೆ ಹಾರ ಹಾಕಿದಿರಿ. ಹಾರ ಹಾಕಿಸಿಕೊಂಡವನು ಲೆಕ್ಕವನ್ನೂ ಒಪ್ಪಿಸಬೇಕು. ಫೀಸು ಕಟ್ಟಿದವನು ನಾನೇ. ಆದರೆ ಈ ಓದಿನ ಬೆಲೆಯಲ್ಲಿ ಒಂದು ಪಾಲನ್ನು ಈ ಊರೂ ಕೊಟ್ಟಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ನಾನು ವ್ಯವಸಾಯದ ಡಿಪ್ಲೊಮಾ ಮುಗಿಸಿ ನಿಮ್ಮಲ್ಲಿಗೆ ಬಂದವನು. ಬೀಜ, ಗೊಬ್ಬರ, ಹುಳು, ರೋಗ ಇವು ನನಗೆ ಗೊತ್ತಿದ್ದವು. ಗೊತ್ತಿದ್ದುದನ್ನು ಹೇಳುತ್ತಿದ್ದೆ. ನೀವು ತಲೆಯಾಡಿಸುತ್ತಿದ್ದಿರಿ. ಮರುವರ್ಷ ನೋಡಿದರೆ ಹಳೆಯದೇ ರೂಢಿ. ಹೇಳಿದ್ದು ಏಕೆ ಹೊಲಕ್ಕೆ ಇಳಿಯುವುದಿಲ್ಲ ಎಂಬ ಪ್ರಶ್ನೆಗೆ ನನ್ನ ಡಿಪ್ಲೊಮಾ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಆ ಉತ್ತರಕ್ಕಾಗಿಯೇ ಓದಲು ಹೊರಟೆ.

ಕೆಲಸ ಬಿಟ್ಟು ಓದುವ ಅನುಕೂಲ ನನಗಿರಲಿಲ್ಲ. ಮನೆಯಲ್ಲಿ ತಾಯಿ, ತಂಗಿ ನನ್ನ ಸಂಬಳವನ್ನೇ ನಂಬಿದ್ದರು. ಆದ್ದರಿಂದ ದೂರಶಿಕ್ಷಣದ ದಾರಿ ಹಿಡಿದೆ. ಮೊದಲು ಬಿ.ಎ. ಮುಗಿಸಿದೆ. ಆಮೇಲೆ ೧೯೮೫ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು.ಗೆ ಹೆಸರು ಬರೆಸಿದೆ. ಕಡಿಮೆಯೆಂದರೆ ಎರಡು ವರ್ಷದಲ್ಲಿ, ಹೆಚ್ಚೆಂದರೆ ನಾಲ್ಕು ವರ್ಷದಲ್ಲಿ ಮುಗಿಸಬೇಕಾದ ಓದು ಅದು. ನಾನು ಎರಡೇ ವರ್ಷದಲ್ಲಿ ಮುಗಿಸುವೆನೆಂದು ಹಟ ತೊಟ್ಟೆ. ತಪ್ಪಾದದ್ದು ಅಲ್ಲಿಯೇ.

ಅಲ್ಲಿ ಪರೀಕ್ಷೆ ನಡೆಯುವುದು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಎಂದರೆ ನಮಗೆ ಮೃಗಶಿರಾ ಮಳೆ, ಬಿತ್ತನೆಯ ಗಡಿಬಿಡಿ. ಡಿಸೆಂಬರ್ ಹತ್ತಿರವಾದರೆ ತೊಗರಿ ಕಾಯಿ ಕಟ್ಟಿ ಬಲಿಯುವ ಕಾಲ. ನೀವು ನನ್ನನ್ನು ಹುಡುಕುವ ದಿನಗಳೇ ನಾನು ಪುಸ್ತಕ ಹಿಡಿಯಬೇಕಾದ ದಿನಗಳಾದವು.

ಮೊದಲ ವರ್ಷ ನವೆಂಬರ್ ಕೊನೆಯಲ್ಲಿ ಹಿರಿಯ ರೈತರೊಬ್ಬರು ತೊಗರಿಯಲ್ಲಿ ಕಾಯಿಕೊರಕ ಕಂಡಿದೆಯೆಂದು ಎರಡು ಸಲ ಹೇಳಿ ಕಳಿಸಿದರು. "ಪರೀಕ್ಷೆ ಹತ್ತಿರವಿದೆ, ವಾರ ಬಿಟ್ಟು ಬರುತ್ತೇನೆ" ಎಂದೆ. ಈ ಹುಳು ಎಳೆಯದಿರುವಾಗ ಬೇವಿನ ಬೀಜದ ಕಷಾಯಕ್ಕೂ ಬಗ್ಗುತ್ತದೆ. ಗಿಡ ಅಲ್ಲಾಡಿಸಿ ಚಾದರದ ಮೇಲೆ ಉದುರಿಸಿಯೂ ಕೊಲ್ಲಬಹುದು. ಬಲಿತು ಕಾಯಿಯೊಳಗೆ ತಲೆ ತೂರಿಸಿತೆಂದರೆ ಔಷಧಿ ಅದನ್ನು ಮುಟ್ಟುವುದು ಕಷ್ಟ. ನಾನು ಹೋಗುವ ಹೊತ್ತಿಗೆ ಅರ್ಧ ಹೊಲದ ಕಾಯಿಗಳಲ್ಲಿ ತೂತು ಬಿದ್ದಿತ್ತು. ಆ ಹಿರಿಯರು ಬೈಯಲಿಲ್ಲ. "ತಮ್ಮಾ, ನೀ ಓದಬ್ಯಾಡ ಅನ್ನಂಗಿಲ್ಲ ನಾ. ಖರೇ, ಹುಳ ನಿನ್ನ ಪರೀಕ್ಷಾ ಮುಗಿಯೂತನಕ ಕಾಯಂಗಿಲ್ಲ" ಎಂದರು, ಅಷ್ಟೇ. ಆ ಪರೀಕ್ಷೆಯಲ್ಲಿ ನಾನು ಪಾಸಾದೆ. ಅವರ ಹೊಲದಲ್ಲಿ ಫೇಲಾದೆ. ಅವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಎಲ್ಲರೆದುರು ಅವರ ಕ್ಷಮೆ ಕೇಳುತ್ತೇನೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಹೊಲದ ಕರೆ ಮೊದಲು, ಓದು ಆಮೇಲೆ. ಎಲ್ಲ ವಿಷಯಗಳನ್ನೂ ಒಂದೇ ಪರೀಕ್ಷೆಯಲ್ಲಿ ಮುಗಿಸುವ ಹಟ ಬಿಟ್ಟು, ಪ್ರತಿ ಸಲವೂ ಕೆಲವನ್ನೇ ಆರಿಸಿಕೊಂಡೆ. ಎರಡು ವರ್ಷದ ಓದಿಗೆ ಮೂರು ವರ್ಷ ಹಿಡಿಯಿತು. ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆಯವರೆಗೆ ಓದುತ್ತಿದ್ದೆ. ಪುಸ್ತಕಗಳು ಇಂಗ್ಲಿಷಿನವು, ಕನ್ನಡದಲ್ಲಿ ಕಲಿತವನಿಗೆ ಒಂದು ಪುಟಕ್ಕೆ ಒಂದು ಗಂಟೆ ಬೇಕಾಗುತ್ತಿತ್ತು. ಕಠಿಣ ಮಾತುಗಳಿಗೆ ಕನ್ನಡದ ಅರ್ಥ ಬರೆದಿಟ್ಟ ನೋಟುಪುಸ್ತಕ ಇಂದಿಗೂ ನನ್ನ ಬಳಿಯಿದೆ.

ಓದಿದ್ದರಿಂದ ಬಂದ ಫಲವೇನು? ಇದನ್ನು ಕೇಳುವ ಹಕ್ಕು ನಿಮಗಿದೆ.

ಈ ಪದವಿಗೆ ಪುಸ್ತಕ ಓದಿದರೆ ಸಾಲದು. ಕ್ಷೇತ್ರಕಾರ್ಯ ಮಾಡಬೇಕು, ಜನರ ಮನೆಗೆ ಹೋಗಿ ಅವರ ಕಷ್ಟ ಕೇಳಿ, ಕಂಡದ್ದನ್ನು ಬರೆದು ಮೇಲ್ವಿಚಾರಕರಿಗೆ ತೋರಿಸಬೇಕು. ಭಾನುವಾರ, ಹಬ್ಬದ ರಜೆ, ನನ್ನ ಗಳಿಕೆ ರಜೆ ಎಲ್ಲವೂ ಇದಕ್ಕೇ ಹೋದವು. ಈ ಕೆಲಸದ ನಿಯಮಗಳನ್ನು ಫೆಲಿಕ್ಸ್ ಬೈಸ್ಟೆಕ್ ಎಂಬ ಅಮೆರಿಕದ ಪಾದ್ರಿಯೊಬ್ಬರು ೧೯೫೭ರಲ್ಲಿ ಏಳು ತತ್ವಗಳಾಗಿ ಬರೆದಿಟ್ಟರು. ಎದುರಿನವರನ್ನು ಇದ್ದಂತೆ ಒಪ್ಪಿಕೊಳ್ಳುವುದು, ತಪ್ಪು ಹೊರಿಸದಿರುವುದು, ಅವರ ತೀರ್ಮಾನವನ್ನು ಅವರಿಗೇ ಬಿಡುವುದು, ಅವರ ಗುಟ್ಟು ಕಾಯುವುದು ಇವು ಅವುಗಳಲ್ಲಿ ಕೆಲವು. ಓದುವಾಗ ಇದೇನು ದೊಡ್ಡ ಮಾತು ಎನಿಸಿತು. ನಡೆಸುವಾಗ ಅದರ ಭಾರ ತಿಳಿಯಿತು.

ಒಂದು ಮನೆಯ ಸಂಗತಿ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ, ಹೆಸರು ಹೇಳದೆ. ತೊಗರಿಯ ನೆಟೆ ರೋಗಕ್ಕೆ ಒಂದು ಕಿಲೋ ಬೀಜಕ್ಕೆ ೪ ಗ್ರಾಂ ಟ್ರೈಕೋಡರ್ಮಾ ಹಚ್ಚಿ, ನೆರಳಿನಲ್ಲಿ ಆರಿಸಿ ಬಿತ್ತಿರೆಂದು ಆ ಮನೆಯ ಯಜಮಾನರಿಗೆ ಮೂರು ವರ್ಷ ಹೇಳಿದ್ದೆ. ಆಯಿತೆನ್ನುತ್ತಿದ್ದರು, ಮಾಡುತ್ತಿರಲಿಲ್ಲ. ಸೋಮಾರಿತನವೆಂದು ನಾನು ಎಣಿಸಿದ್ದೆ. ಕ್ಷೇತ್ರಕಾರ್ಯಕ್ಕೆಂದು ಹೋಗಿ ಒಳಗೆ ಕುಳಿತು ಒಂದು ಗಂಟೆ ಸುಮ್ಮನೆ ಕೇಳಿದೆ. ನಾನು ಕೊಟ್ಟ ಪೊಟ್ಟಣ ಒಡೆಯದೆ ಗೋಡೆಯ ಗೂಡಿನಲ್ಲಿತ್ತು. ಮನೆಯಾಕೆ ಹೇಳಿದರು: "ಅಣ್ಣಾ, ಬಿತ್ತಿ ಉಳಿದ ಕಾಳು ನಾವು ಬ್ಯಾಳಿ ಮಾಡ್ತೀವಿ. ಔಷಧ ಹಚ್ಚಿದ ಕಾಳು ಕೂಸು ಉಂಡ್ರ ಯಾರು ಹೊಣೆ?"

ಎಷ್ಟು ನ್ಯಾಯವಾದ ಮಾತು! ಬೀಜ ಕಾಯುವವರು ಆಕೆ. ಮೂರು ವರ್ಷ ನಾನು ಮಾತಾಡಿದ್ದು ಕಟ್ಟೆಯ ಮೇಲೆ ಕುಳಿತ ಗಂಡಸರೊಡನೆ. ಆಕೆಯ ಮಾತಿಗೆ ವಾದ ಹೂಡಲಿಲ್ಲ. ಹೇಗೆ ಮಾಡಿದರೆ ಭಯವಿಲ್ಲವೆಂದು ಆಕೆಯನ್ನೇ ಕೇಳಿದೆ. ಬಿತ್ತುವಷ್ಟನ್ನೇ ಅಳೆದು, ಬೇರೆ ಬುಟ್ಟಿಯಲ್ಲಿ, ಬಿತ್ತುವ ದಿನವೇ ಹಚ್ಚುವುದೆಂದು ಆಕೆಯೇ ತೀರ್ಮಾನಿಸಿದರು. ಆ ವರ್ಷ ಹಚ್ಚಿದರು. ಅಂದಿನಿಂದ ಬೀಜೋಪಚಾರದ ಸಭೆಯನ್ನು ಮಧ್ಯಾಹ್ನ, ತಾಯಂದಿರಿಗೆ ಬಿಡುವಾದ ಹೊತ್ತಿನಲ್ಲಿ ನಡೆಸುತ್ತಿದ್ದೇನೆ. ನಾನು ಹುಡುಕಿ ಹೊರಟ ಉತ್ತರ ಇದೇ. ಹೇಳುವುದಕ್ಕೆ ಮೊದಲು ಕೇಳಬೇಕು.

ಇನ್ನು ಯುವಕ ಯುವತಿಯರಿಗೆ ಕೆಲವು ಮಾತು. ನೌಕರಿಗೆ ಸೇರಿದ ಮಾತ್ರಕ್ಕೆ, ಒಕ್ಕಲುತನಕ್ಕೆ ನಿಂತ ಮಾತ್ರಕ್ಕೆ ಓದಿನ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. ಯಾವ ವಿಷಯದಲ್ಲಿ ಪದವಿ ಪಡೆದವರೂ ಈ ಓದಿಗೆ ಸೇರಬಹುದು. ಆದರೆ ಸೇರುವ ಮುನ್ನ ಆ ಕೋರ್ಸಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ಕ್ಷೇತ್ರಕಾರ್ಯ ಬೇಕಿಲ್ಲ, ದುಡ್ಡು ಕಟ್ಟಿದರೆ ಸಾಕು ಎನ್ನುವವರ ಹತ್ತಿರ ಸುಳಿಯಬೇಡಿ. ಸರ್ಕಾರಿ ನೌಕರರಾಗಿದ್ದರೆ ಮೇಲಧಿಕಾರಿಗಳ ಅನುಮತಿಯನ್ನು ಮೊದಲು ಬರಹದಲ್ಲಿ ಪಡೆಯಿರಿ. ಮನೆಯವರಿಗೆ ಎಲ್ಲವನ್ನೂ ತಿಳಿಸಿ. ಅವರ ಸಹಾಯವಿಲ್ಲದೆ ಈ ಬಂಡಿ ಸಾಗದು. ಅವಸರ ಬೇಡ. ಒಂದು ವರ್ಷ ತಡವಾಗಿ ಬಂದ ಪದವಿಗೆ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಒಂದು ವಾರ ತಡವಾಗಿ ನೋಡಿದ ಹೊಲ ಮಾತ್ರ ತಿರುಗಿ ಬರುವುದಿಲ್ಲ.

ಓದಬೇಕೆನ್ನುವವರು ಸಂಜೆ ನನ್ನ ಕೋಣೆಗೆ ಬನ್ನಿ. ನನ್ನ ಪುಸ್ತಕಗಳೂ ಆ ಅರ್ಥದ ನೋಟುಪುಸ್ತಕವೂ ನಿಮ್ಮವೇ. ಹುಳು ಕಂಡವರು ಮಾತ್ರ ಸಂಜೆಗೆ ಕಾಯಬೇಡಿ, ಕಂಡ ಕೂಡಲೇ ಬನ್ನಿ.