ಕಸದಲ್ಲಿ ಹುಟ್ಟಿದ ಉದ್ಯೋಗ
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



ಪಟ್ಟಣದಲ್ಲಿ ಹೊಸ ಉದ್ಯೋಗ ಹುಟ್ಟಬೇಕು ಅಂದ್ರೆ ದೊಡ್ಡ ಬಂಡವಾಳಗಾರರೇ ಬರಬೇಕು ಎಂದು ನಾವು ನಂಬಿದ್ದೇವೆ. ಪುಣೆಯ ಚಿಂದಿ ಆಯುವ ಹೆಣ್ಣುಮಕ್ಕಳು ಬೇರೆ ದಾರಿ ತೋರಿಸಿದ್ದಾರೆ.

ತೊಟ್ಟಿಗೆ ಕೈಹಾಕಿ ಕಾಗದ, ಸೀಸೆ, ತಗಡು ಆಯ್ದು ಗುಜರಿಗೆ ಮಾರುತ್ತಿದ್ದ ಇವರು 1993ರಲ್ಲಿ ಸಂಘ ಕಟ್ಟಿದರು. ಮನೆಮನೆಯಿಂದ ಕಸ ಸಂಗ್ರಹಿಸಬೇಕೆಂದು 2000ದಲ್ಲಿ ಘನತ್ಯಾಜ್ಯ ನಿಯಮಗಳು ಬಂದವು. ಗುತ್ತಿಗೆದಾರರ ಲಾರಿ ಬಂದರೆ ಇವರ ಅನ್ನ ಹೋಗುತ್ತದೆ ಅಲ್ವಾ? ಅದಕ್ಕೇ ಆ ಕೆಲಸವನ್ನು ತಮಗೇ ಕೊಡಿ ಎಂದು ಪಾಲಿಕೆಯ ಜೊತೆ ಕೂತು ಮಾತಾಡಿದರು.

2008ರಲ್ಲಿ ಅವರದೇ ಸಹಕಾರ ಸಂಘ 'ಸ್ವಚ್ಛ್' ಮತ್ತು ಪುಣೆ ಮಹಾನಗರಪಾಲಿಕೆ ನಡುವೆ ಐದು ವರ್ಷದ ಒಪ್ಪಂದವಾಯಿತು. ಮನೆಯವರು ತಿಂಗಳ ಶುಲ್ಕ ಕೊಡಬೇಕು. ಒಣಕಸ ಮಾರಿದ ಹಣ ದುಡಿದವರಿಗೇ ಸೇರಬೇಕು. ಸಲಕರಣೆ, ಆಡಳಿತದ ಖರ್ಚಿಗೆ ಪಾಲಿಕೆ ನೆರವಾಗಬೇಕು. ಹೀಗೆ ತೊಟ್ಟಿಯ ಬಳಿ ನಿಂತವರು ಮನೆಬಾಗಿಲಿಗೆ ಬರುವ ಸೇವಾದಾರರಾದರು. ಇಂದು 3 ಸಾವಿರಕ್ಕೂ ಹೆಚ್ಚು ಮಂದಿ ಇದರ ಸದಸ್ಯರು.

ಬೆಂಗಳೂರಿನಲ್ಲೂ 2011ರಿಂದ ಪಾಲಿಕೆ ಇಂಥವರಿಗೆ ಗುರುತಿನ ಚೀಟಿ ಕೊಡತೊಡಗಿತು. ವಾರ್ಡುಗಳಲ್ಲಿ ತೆರೆದ ಒಣಕಸ ಕೇಂದ್ರಗಳಲ್ಲಿ ಹಲವನ್ನು ಚಿಂದಿ ಆಯುತ್ತಿದ್ದವರೇ ನಡೆಸಿದರು.

ಆದರೆ ಒಂದು ಮಾತು. ಒಪ್ಪಂದಕ್ಕೆ ಅವಧಿ ಇರುತ್ತದೆ. ಪುಣೆಯಲ್ಲಿ ಅವಧಿ ಮುಗಿದಾಗಲೆಲ್ಲ ನವೀಕರಣಕ್ಕಾಗಿ ಮತ್ತೆ ಹೋರಾಡಬೇಕಾಯಿತು. ಸಂಘ ಸಡಿಲವಾದ್ರೆ ಕೆಲಸ ಗುತ್ತಿಗೆದಾರರ ಪಾಲಾಗುತ್ತದೆ.

2014ರಲ್ಲಿ ರೋಮಿನಲ್ಲಿ ನಡೆದ ಜನಚಳವಳಿಗಳ ಸಭೆಗೆ ಚಿಂದಿ ಆಯುವವರೂ ಬಂದಿದ್ದರು. ಭೂಮಿ, ಸೂರು, ದುಡಿಮೆ ಪ್ರತಿಯೊಬ್ಬರ ಹಕ್ಕು ಎಂದು ಜಗದ್ಗುರು ಫ್ರಾನ್ಸಿಸರು ಅವರಿಗೆ ಹೇಳಿದರು. ಆ ಹಕ್ಕು ತಾನಾಗಿ ಮನೆಗೆ ಬರುವುದಿಲ್ಲ.

3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 1992ರ 74ನೇ ತಿದ್ದುಪಡಿ ಹೇಳುತ್ತದೆ. ಚಿಂದಿ ಆಯುವವರ ಸಂಘಗಳನ್ನು ಗುರುತಿಸಿ ಜೊತೆಗೂಡಿಸಿಕೊಳ್ಳಿ ಎಂದು 2016ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿದವು. ಹಾಗಾಗಿ ನಾವು ಕೇಳುವುದು ಭಿಕ್ಷೆ ಅಲ್ಲ.

ಈ ತಿಂಗಳು ನಿಮ್ಮ ಬೀದಿಯಲ್ಲಿ ಕಸ ಆಯುವ ತಾಯಂದಿರ ಹೆಸರು ಬರೆದುಕೊಳ್ಳಿ, ಅವರನ್ನು ಸಂಘದ ಸಭೆಗೆ ಕರೆಯಿರಿ. ಆಮೇಲೆ ಅವರನ್ನೇ ಮುಂದಿಟ್ಟುಕೊಂಡು ಪುರಸಭೆಗೆ ಹೋಗೋಣ. ಅವರ ಪರವಾಗಿ ನಾವು ಮಾತಾಡೋದು ಬೇಡ, ಅವರೇ ಮಾತಾಡಲಿ. ನಾವು ಪಕ್ಕದಲ್ಲಿ ನಿಲ್ಲೋಣ.

ದೇವರು ನಮ್ಮ ದುಡಿಮೆಯನ್ನು ಆಶೀರ್ವದಿಸಲಿ.