ದುಡಿದು ದಣಿದ ಕುದುರೆಗೊಂದು ನೆಲೆ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ವಿದ್ವಾಂಸರು ಶಾಸ್ತ್ರಾರ್ಥವನ್ನು ವಿವರಿಸಿದ ಈ ವೇದಿಕೆಯಲ್ಲಿ ನನ್ನಂಥ ದಿನಸಿ ವ್ಯಾಪಾರಿ ನಿಂತು ಮಾತನಾಡುವುದು ಸಾಹಸವೇ ಸರಿ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇರವಾಗಿ ತಂದೆಯವರ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ನನಗೆ ತಿಳಿದಿರುವುದು ಜಮಾ ಖರ್ಚಿನ ವಿದ್ಯೆ ಮಾತ್ರ. ಆದರೂ ಸಮಿತಿಯ ಹಿರಿಯರು 'ಜೀವದಯೆಯ ವಿಷಯದಲ್ಲಿ ನಿಮ್ಮ ಅನುಭವವನ್ನು ಹೇಳಿ' ಎಂದು ಅಪ್ಪಣೆ ಮಾಡಿದ್ದರಿಂದ, ಯಜಮಾನರು ಕೈಬಿಟ್ಟ ಕುದುರೆಗಳಿಗೆ ಹೊಸ ಮನೆ ಹುಡುಕುವ ಕೆಲಸವನ್ನು ಕುರಿತು ನಾಲ್ಕು ಮಾತುಗಳನ್ನು ನಿವೇದಿಸುತ್ತೇನೆ.

ಇಂಥ ಶುಭಸಮಾರಂಭದಲ್ಲಿ ಕುದುರೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನವೇ ಕುದುರೆ. ನಮ್ಮ ನಾಡಿನ ಅನೇಕ ಬಸದಿಗಳಲ್ಲಿ ಬ್ರಹ್ಮಯಕ್ಷನು ಕುದುರೆಯನ್ನೇರಿ ಕುಳಿತಿರುವುದನ್ನು ತಾವೆಲ್ಲರೂ ನೋಡಿದ್ದೀರಿ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಜೈನನಾದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಮುಂದೆ ಸುಮಾರು 1400ರಲ್ಲಿ ಅಭಿನವಚಂದ್ರನೆಂಬ ಜೈನ ಕವಿ ಕುದುರೆಗಳ ವೈದ್ಯವನ್ನು ಕುರಿತು ಬರೆದನು. ಪಶುವಿನ ನೋವನ್ನು ತಿಳಿಯುವುದು ವಿದ್ಯೆಯ ಒಂದು ಭಾಗವೆಂದು ನಮ್ಮ ಪೂರ್ವಜರು ಬಗೆದಿದ್ದರು.

ನಮ್ಮ ಊರಿಗೂ ಕುದುರೆಗೂ ಹಳೆಯ ನಂಟು. ವಿಜಯನಗರದ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಘಟ್ಟವನ್ನು ಹತ್ತಿ ಮೇಲಕ್ಕೆ ಬರುತ್ತಿದ್ದವು. ಭದ್ರಾವತಿ, ಶಿವಮೊಗ್ಗಗಳ ನಡುವೆ ಹಾದು ಹೋಗುವ ನಮ್ಮ ಬಿ.ಎಚ್. ರಸ್ತೆಯೂ ಕೊನೆ ಮುಟ್ಟುವುದು ಆ ಹೊನ್ನಾವರಕ್ಕೇ. ದಂಡಿನ ಕುದುರೆಗಳ ಕಾಲ ಮುಗಿದ ಮೇಲೆ ಜಟಕಾ ಕುದುರೆಗಳ ಕಾಲ ಬಂತು. ರೈಲಿನಿಂದ ಇಳಿದವರು ಜಟಕಾ ಹತ್ತಿ ಊರೊಳಗೆ ಬರುತ್ತಿದ್ದುದನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿ ಕಂಡಿದ್ದಾರೆ.

ಈಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ಇದನ್ನು ಸಭೆಯಲ್ಲಿ ಹೇಳಲು ಇಷ್ಟು ವರ್ಷ ಸಂಕೋಚಪಟ್ಟಿದ್ದೇನೆ.

1978ರ ಸುಮಾರಿಗೆ ನಾನು ಐದನೆಯ ತರಗತಿಯಲ್ಲಿದ್ದೆ. ಜಟಕಾ ಹೊಡೆಯುವ ಹಿರಿಯ ಸಾಬರೊಬ್ಬರು ಪ್ರತಿದಿನ ಸಂಜೆ ನಮ್ಮ ಅಂಗಡಿಯಿಂದ ಹುರುಳಿ ಮತ್ತು ಬೂಸಾ ಒಯ್ಯುತ್ತಿದ್ದರು. ತಮಗೆ ಅಕ್ಕಿ ಕೊಳ್ಳುವ ಮೊದಲು ಕುದುರೆಗೆ ಹುರುಳಿ ಕೊಳ್ಳುವುದು ಅವರ ಪದ್ಧತಿ. ಆಟೋರಿಕ್ಷಾಗಳು ಹೆಚ್ಚಿದಂತೆ ಅವರ ಬಾಡಿಗೆ ಇಳಿಯಿತು, ಉದ್ದರಿ ಏರಿತು. ಒಂದು ದಿನ ನಮ್ಮ ತಂದೆಯವರು, 'ಸಾಬರೇ, ಹಳೆಯ ಬಾಕಿ ತೀರುವವರೆಗೆ ಇನ್ನು ಕೊಡಲಾಗದು' ಎಂದರು. ಕಟುವಾಗಿ ಹೇಳಲಿಲ್ಲ, ವ್ಯಾಪಾರದಲ್ಲಿ ಯಾರೂ ಹೇಳುವ ಮಾತನ್ನೇ ಹೇಳಿದರು. ಅವರು 'ಆಗಲಿ ಶೆಟ್ಟರೇ' ಎಂದು ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದರು. ಮತ್ತೆ ಬರಲಿಲ್ಲ.

ಆ ಮಳೆಗಾಲದಲ್ಲಿ ಅವರು ಕುದುರೆಯನ್ನು ಊರ ಹೊರಗೆ ಬಿಟ್ಟುಬಿಟ್ಟರೆಂದು ತಿಳಿಯಿತು. ಹುಲ್ಲು ಮೇದು ಬದುಕಲಿ ಎಂಬುದು ಅವರ ಎಣಿಕೆ. ಗಾಡಿಯ ನೊಗದಲ್ಲಿ ಮುದಿಯಾದ ಆ ಪ್ರಾಣಿ ತುಂಗೆಯ ದಡದ ಕೆಸರಿನಲ್ಲಿ ಬಿದ್ದು ಏಳಲಾರದೆ ಸತ್ತಿತು. ತಂದೆಯವರು ಹೋಗಿ ನೋಡಿ ಬಂದರು. ಆ ರಾತ್ರಿ ಖಾತೆಯ ಪುಸ್ತಕವನ್ನು ತೆಗೆದು ಸಾಬರ ಲೆಕ್ಕದ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ನಮ್ಮ ತಾಯಿ 'ಹೋಗಲಿ, ಆ ಬಾಕಿಯನ್ನು ಹೊಡೆದುಹಾಕಿ' ಎಂದರು. ತಂದೆಯವರು, 'ಇದು ಅವರು ನಮಗೆ ಕೊಡಬೇಕಾದ ಬಾಕಿಯಲ್ಲ, ನಾವು ಕುದುರೆಗೆ ಕೊಡಬೇಕಾದ ಬಾಕಿ. ಇದು ಇರಲಿ' ಎಂದರು. ಆ ಪುಸ್ತಕ ಈಗಲೂ ನಮ್ಮ ಮನೆಯಲ್ಲಿದೆ. ಆ ಬಾಕಿಯೂ ಹಾಗೆಯೇ ಇದೆ.

ಅಹಿಂಸಾಣುವ್ರತಕ್ಕೆ ನಮ್ಮ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ನಾವು ಚಾವಟಿ ಹಿಡಿಯುವವರಲ್ಲ, ಗಾಡಿ ಹೊಡೆಯುವವರಲ್ಲ. ಆದುದರಿಂದ ಮೊದಲ ನಾಲ್ಕು ನಮಗೆ ತಾಗುವುದಿಲ್ಲವೆಂದು ತಿಳಿದಿರುತ್ತೇವೆ. ಆದರೆ ಐದನೆಯದು ತಕ್ಕಡಿಯ ಹಿಂದೆ ಕುಳಿತವನಿಗೂ ತಾಗುತ್ತದೆ ಎಂಬುದನ್ನು ನಾನು ಆ ಖಾತೆಯ ಪುಟದಿಂದ ಕಲಿತೆ.

ಈಗ ಜಟಕಾಗಳ ಕಾಲವೂ ಮುಗಿದಿದೆ. ಮೈಸೂರಿನಲ್ಲಿ ಪ್ರವಾಸಿಗಳಿಗಾಗಿ ಟಾಂಗಾಗಳು ಉಳಿದಿವೆ. ಮುಂಬಯಿಯ ವಿಕ್ಟೋರಿಯಾ ಗಾಡಿಗಳು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತು, ಗಾಡಿಯವರಿಗೂ ಕುದುರೆಗಳಿಗೂ ಪುನರ್ವಸತಿಯ ಯೋಜನೆ ಮಾಡಬೇಕೆಂದು ಸರ್ಕಾರಕ್ಕೆ ಹೇಳಿತು. ಗಾಡಿಯನ್ನು ನಿಲ್ಲಿಸಿದರೆ ಸಾಲದು, ಕುದುರೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೂ ಉತ್ತರ ಬೇಕು ಎಂಬುದು ಇದರಲ್ಲಿರುವ ವಿವೇಕ. ನಮ್ಮ ಕಡೆ ಉಳಿದಿರುವುವು ಮದುವೆ ಮೆರವಣಿಗೆಯ ಕುದುರೆಗಳು, ಮಕ್ಕಳನ್ನು ಕೂರಿಸಿ ತಿರುಗಿಸುವ ಕುದುರೆಗಳು. ಬೆಂಗಳೂರು, ಮೈಸೂರುಗಳ ಪಂದ್ಯದ ಕುದುರೆಗಳು ಎರಡನೆಯ ವಯಸ್ಸಿಗೇ ಓಟಕ್ಕೆ ಇಳಿದು, ಹತ್ತು ತುಂಬುವ ಮೊದಲೇ ಬಹುಮಟ್ಟಿಗೆ ನಿವೃತ್ತವಾಗುತ್ತವೆ. ಕುದುರೆಯ ಆಯುಸ್ಸಾದರೋ ಇಪ್ಪತ್ತೈದು, ಮೂವತ್ತು ವರ್ಷ. ದುಡಿಮೆ ಮುಗಿದ ಮೇಲೆ ಉಳಿಯುವ ವರ್ಷಗಳ ಹೊಣೆ ಯಾರದು?

ನಮ್ಮ ಊರಿಗೆ ಹತ್ತಿರದ ಸಕ್ರೆಬೈಲಿನ ಶಿಬಿರದಲ್ಲಿ ಅರಣ್ಯ ಇಲಾಖೆಯವರು ವಯಸ್ಸಾದ ಆನೆಗೂ ಮೇವು, ಮದ್ದು ಕೊಟ್ಟು ಸಾಕುತ್ತಾರೆ. ಆನೆಗೆ ಸರ್ಕಾರವಿದೆ, ಗೋವಿಗೆ ಗೋಶಾಲೆಗಳಿವೆ. ಕುದುರೆಗೆ ಯಜಮಾನನ ಕೈ ಬಿಟ್ಟರೆ ಬೀದಿಯೇ ಗತಿ.

ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಯ ಬೀದಿಗೆ ಒಂದು ಕಂದು ಬಣ್ಣದ ಕುದುರೆ ಬರತೊಡಗಿತು. ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಹರಿದು ತಿನ್ನುತ್ತಿತ್ತು. ನಾವು ಮೂರು ನಾಲ್ಕು ಜನ ವರ್ತಕರು ಸೇರಿ ಹಳ್ಳಿಯ ಒಬ್ಬ ಮನುಷ್ಯನಿಗೆ ಅದನ್ನು ಉಚಿತವಾಗಿ ಕೊಟ್ಟು, ಮೇವಿಗೆಂದು ಸ್ವಲ್ಪ ಹಣವನ್ನೂ ಕೊಟ್ಟು ಕೃತಾರ್ಥರಾದೆವೆಂದು ಭಾವಿಸಿದೆವು. ಮೂರು ತಿಂಗಳ ಮೇಲೆ ಹೋಗಿ ನೋಡಿದರೆ ಕುದುರೆ ಇರಲಿಲ್ಲ. ಸಂತೆಯಲ್ಲಿ ಮಾರಿದ್ದನು. ಯಾರಿಗೆ ಮಾರಿದನೆಂದು ಅವನಿಗೂ ನೆನಪಿರಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ಇಂದಿಗೂ ನಮಗೆ ತಿಳಿಯದು. ಒಂದು ಮೂಟೆ ಸಕ್ಕರೆಯನ್ನು ಸಾಲ ಕೊಡುವಾಗ ಮನುಷ್ಯನ ಪೂರ್ವಾಪರವನ್ನು ವಿಚಾರಿಸುವ ನಾವು, ಒಂದು ಜೀವವನ್ನು ಕೊಡುವಾಗ ಏನನ್ನೂ ವಿಚಾರಿಸಲಿಲ್ಲ. ಬೀದಿಯಿಂದ ಕಣ್ಮರೆ ಮಾಡುವುದೇ ನೆಲೆ ಒದಗಿಸುವುದೆಂದು ತಿಳಿದದ್ದು ನಮ್ಮ ತಪ್ಪು.

ಎರಡನೆಯ ಸಲ ಭದ್ರಾವತಿಯಲ್ಲಿ ಒಂದು ಬಿಳಿಯ ಹೆಣ್ಣು ಕುದುರೆ ಸಿಕ್ಕಿತು. ಮೆರವಣಿಗೆಯಲ್ಲಿ ದುಡಿದು, ಒಂದು ಕಣ್ಣು ಹೋದ ಮೇಲೆ ಕೈಬಿಟ್ಟದ್ದು. ಗೊರಸುಗಳು ಬೆಳೆದು ಮೇಲಕ್ಕೆ ಬಾಗಿದ್ದವು. ನನ್ನ ಮಗನ ಮದುವೆಯಲ್ಲಿಯೂ ಇಂಥದೇ ಬಿಳಿಯ ಕುದುರೆಯನ್ನು ಬಾಡಿಗೆಗೆ ತಂದಿದ್ದೆವು. ಇದೇ ಅದೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಮೆರವಣಿಗೆಯ ದಿನ ಅದರ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ಈ ಸಲ ಅವಸರಪಡಲಿಲ್ಲ. ಮೊದಲು ಪಶುವೈದ್ಯರನ್ನು ಕರೆಸಿದೆವು. ಜನರು ಕನಿಕರದಿಂದ ಅನ್ನ, ಲಾಡು, ಬೆಲ್ಲಗಳನ್ನು ತಂದು ಸುರಿಯುತ್ತಿದ್ದರು. ವೈದ್ಯರು ಕೂಡಲೇ ನಿಲ್ಲಿಸಿದರು. ಕುದುರೆಯ ಹೊಟ್ಟೆ ಅದರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಅದಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಹಸಿದ ಕುದುರೆಗೆ ಒಮ್ಮೆಲೇ ಧಾನ್ಯ ತಿನ್ನಿಸಿದರೆ ಹೊಟ್ಟೆಶೂಲೆ ಬಂದು ಸಾಯಬಹುದು, ಕಾಲಿನ ಗೊರಸು ಉರಿಯೂತದಿಂದ ಕೆಡಬಹುದು. ಒಣಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ, ದಿನದಲ್ಲಿ ಅನೇಕ ಸಲ ಕೊಡಬೇಕು. ದಯೆಗೂ ತಿಳಿವಳಿಕೆ ಬೇಕೆಂದು ಅಂದು ಅರಿತೆವು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದೆವು. ಕುದುರೆಗೆ ಗಾಯದಿಂದ ಆ ರೋಗ ಬಲು ಬೇಗ ತಗಲುತ್ತದೆ. ಗ್ಲ್ಯಾಂಡರ್ಸ್ ಎಂಬ, ಮನುಷ್ಯರಿಗೂ ಅಂಟುವ ರೋಗವಿಲ್ಲವೆಂದು ಖಚಿತವಾಗಲು ಇಲಾಖೆಯ ಮೂಲಕ ರಕ್ತಪರೀಕ್ಷೆ ಮಾಡಿಸಿದೆವು. ಆ ಪರೀಕ್ಷೆಯಿಲ್ಲದೆ ಬೀದಿಯ ಕುದುರೆಯನ್ನು ಇನ್ನೊಬ್ಬರ ಕೊಟ್ಟಿಗೆಗೆ ಕಳುಹಿಸಬಾರದು.

ಗೊರಸಿನ ಕೆಲಸಕ್ಕೆ ಯಾರೂ ಸಿಗಲಿಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಊರಿನಲ್ಲಿ ಲಾಳ ಬಲ್ಲವರಿಗಾಗಿ ಹದಿನೈದು ದಿನ ಹುಡುಕಿದೆವು! ಕೊನೆಗೆ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ತಮ್ಮ ತಂದೆಯವರು ಎತ್ತುಗಳಿಗೂ ಕುದುರೆಗಳಿಗೂ ಲಾಳ ಕಟ್ಟುತ್ತಿದ್ದರೆಂದು ಹೇಳಿ, ತಾವೇ ಬಂದು ಮೂರು ಕಂತಿನಲ್ಲಿ ಗೊರಸನ್ನು ಕತ್ತರಿಸಿ ಸರಿಪಡಿಸಿದರು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಕಾಸು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಆಮೇಲೆ ಮನೆಯ ವಿಚಾರ. ಭದ್ರಾ ನಾಲೆಯ ಬದಿಯ ಒಂದು ಅಡಿಕೆ ತೋಟದ ಕುಟುಂಬದವರು ಮುಂದೆ ಬಂದರು. ನಾವು ಎರಡು ಸಲ ಹೋಗಿ ನೋಡಿದೆವು. ಮಲೆನಾಡಿನ ಮಳೆಯಲ್ಲಿ ನೆಲ ಒದ್ದೆಯಾಗಿದ್ದರೆ ಗೊರಸು ಕೊಳೆಯುತ್ತದೆ. ಆದುದರಿಂದ ಎತ್ತರದ ಒಣನೆಲದ ಕೊಟ್ಟಿಗೆ ಇದೆಯೇ ಎಂದು ನೋಡಿದೆವು. ಬೇಲಿಯಲ್ಲಿ ಕಣಗಿಲೆ ಇತ್ತು. ಅದು ಕುದುರೆಗೆ ವಿಷವಾದುದರಿಂದ ತೆಗೆಸಿದೆವು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ. ಅಲ್ಲಿ ಹಸುಗಳ ಜೊತೆ ಇತ್ತು. ಕಾಗದದ ಮೇಲೆ ಕರಾರು ಬರೆದೆವು: ಮಾರಕೂಡದು, ಪರಭಾರೆ ಮಾಡಕೂಡದು, ಗಾಡಿಗೆ ಹೂಡಕೂಡದು, ಮರಿ ಹಾಕಿಸಕೂಡದು, ಸಾಕಲಾಗದಿದ್ದರೆ ನಮಗೇ ಹಿಂದಿರುಗಿಸಬೇಕು, ನಾವು ಯಾವ ದಿನವಾದರೂ ಬಂದು ನೋಡಬಹುದು. ತೋಟದ ಯಜಮಾನರು ನಕ್ಕು, 'ಹೆಣ್ಣು ಕೊಡುವಾಗಲೂ ಇಷ್ಟು ಕೇಳುವುದಿಲ್ಲವಲ್ಲ ಶೆಟ್ಟರೇ' ಎಂದರು. ಆದರೂ ಸಂತೋಷದಿಂದ ಸಹಿ ಹಾಕಿದರು.

ವ್ಯಾಪಾರಿಗಳಾದ ತಾವು ಲೆಕ್ಕ ಕೇಳುತ್ತೀರಿ. 300 ಕಿಲೋ ತೂಕದ ಕುದುರೆಗೆ ದಿನಕ್ಕೆ ತೂಕದ ನೂರಕ್ಕೆ 2ರಷ್ಟು, ಅಂದರೆ ಸುಮಾರು 6 ಕಿಲೋ ಒಣಮೇವು ಬೇಕು. ವರ್ಷಕ್ಕೆ 2 ಟನ್ನಿಗಿಂತ ಸ್ವಲ್ಪ ಹೆಚ್ಚು. ಹಂಚಿಕೊಂಡರೆ ಹತ್ತು ಮನೆಗಳಿಗೆ ಭಾರವಲ್ಲ. ಆ ಕುದುರೆ ಅಲ್ಲಿ ನಾಲ್ಕು ವರ್ಷ ಬಾಳಿತು. ಹೋದಾಗಲೆಲ್ಲ ನೋಡುವ ಕಣ್ಣಿನ ಕಡೆಯಿಂದ ಹತ್ತಿರ ಹೋಗಬೇಕಾಗಿತ್ತು, ಇಲ್ಲವಾದರೆ ಬೆಚ್ಚುತ್ತಿತ್ತು. ವಯಸ್ಸಾಗಿ ಕೊಟ್ಟಿಗೆಯಲ್ಲಿಯೇ ಪ್ರಾಣ ಬಿಟ್ಟಿತು. ತೋಟದ ಅಂಚಿನಲ್ಲಿ ಹೂಳಿದರು. ಆ ಮನೆಯ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು.

ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು ಅಪರಾಧ. ಆದರೆ ಮೊದಲ ತಪ್ಪಿಗೆ ಅದು ವಿಧಿಸಿದ ದಂಡ 10ರಿಂದ 50 ರೂಪಾಯಿ. 1965ರ ನಿಯಮಗಳ ಮೇರೆಗೆ ಗಾಡಿಯ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ರುಕ್ಮಿಣೀದೇವಿ ಅರುಂಡೇಲ್ ಅವರ ಮುಂದಾಳುತನದಲ್ಲಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ಜೀವಿಗಳಲ್ಲಿ ದಯೆ ತೋರುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರಲ್ಲಿ ಸಂವಿಧಾನದಲ್ಲಿಯೇ ಸೇರಿತು. ಇವೆಲ್ಲ ಬೇಕು. ಆದರೆ ಬಡ ಕುದುರೆಯವನನ್ನು ಠಾಣೆಗೆ ಎಳೆದರೆ ಕುದುರೆಯ ಹೊಟ್ಟೆ ತುಂಬುವುದಿಲ್ಲ. ಕೈಬಿಡುವ ಮೊದಲೇ ಅವನಿಗೆ ಎರಡು ತಿಂಗಳ ಹುರುಳಿ ಸಿಕ್ಕಿದ್ದರೆ ಎಷ್ಟೋ ಕುದುರೆಗಳು ಬೀದಿಗೆ ಬರುತ್ತಿರಲಿಲ್ಲ. ನಮ್ಮ ಸಾಬರ ಕುದುರೆಯೂ ಬರುತ್ತಿರಲಿಲ್ಲ.

ಜೀವದಯೆಗಾಗಿ ಪಾಂಜರಪೋಳಗಳನ್ನು ಕಟ್ಟುವುದು ವರ್ತಕರಿಗೆ ಹೊಸದಲ್ಲ. ಮುಂಬಯಿಯಲ್ಲಿ 1834ರಲ್ಲಿಯೇ ಪಾರಸಿ ಮಹನೀಯರಾದ ಜಮ್‌ಶೇಟ್‌ಜೀ ಜೀಜೀಭಾಯಿ ಅವರು ಅದಕ್ಕೆ ನೆರವಾದರು. ನಾನು ಅಷ್ಟು ದೊಡ್ಡದನ್ನು ಕೇಳುವುದಿಲ್ಲ. ನಮ್ಮಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳಿವೆ. ಸಂಕಟದಲ್ಲಿರುವ ಕುದುರೆಯವನಿಗೆ ಮೇವನ್ನು ಕೊಡೋಣ, ಇದು ಆಹಾರದಾನ. ನಮ್ಮ ಊರಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಅಲ್ಲಿಯವರ ಸಲಹೆ ಪಡೆದು ಚಿಕಿತ್ಸೆಯ ವೆಚ್ಚ ಭರಿಸೋಣ, ಇದು ಔಷಧದಾನ. ಕುದುರೆಗೆ ಏನು ಕೊಡಬೇಕು, ಏನು ಕೊಡಬಾರದು ಎಂಬುದನ್ನು ಮಕ್ಕಳಿಗೆ ಕಲಿಸೋಣ, ಇದೂ ಶಾಸ್ತ್ರದಾನವೇ. ತೋಟ, ಕೊಟ್ಟಿಗೆ ಉಳ್ಳವರು ಒಂದು ಪಟ್ಟಿಯಲ್ಲಿ ಹೆಸರು ಬರೆಸಲಿ, ವಿಚಾರಿಸಿ, ಕರಾರು ಮಾಡಿ, ಮತ್ತೆ ಮತ್ತೆ ಹೋಗಿ ನೋಡಿ ನೆಲೆ ಒದಗಿಸೋಣ, ಇದು ಅಭಯದಾನ. ಇನ್ನು ಮದುವೆಗೆ ಕುದುರೆ ತರಲೇಬೇಕೆನ್ನುವವರು, 'ಇದಕ್ಕೆ ವಯಸ್ಸಾದ ಮೇಲೆ ಎಲ್ಲಿಡುವಿರಿ?' ಎಂದು ಬಾಡಿಗೆ ಮಾತನಾಡುವಾಗಲೇ ಕೇಳಲಿ.

ಸಭೆ ಮುಗಿದ ಮೇಲೆ ಮಂಟಪದ ಬಾಗಿಲಲ್ಲಿ ಒಂದು ಹೊಸ ಖಾತೆಯ ಪುಸ್ತಕವನ್ನು ಇಟ್ಟಿರುತ್ತೇನೆ. ಮೊದಲ ಪುಟದಲ್ಲಿ ನಮ್ಮ ತಂದೆಯವರ ಹೆಸರಿನಲ್ಲಿ ಆ ಹಳೆಯ ಬಾಕಿಯ ಮೊತ್ತವನ್ನು, ಇಷ್ಟು ವರ್ಷಗಳ ಬಡ್ಡಿಯೊಡನೆ, ಜಮಾ ಮಾಡಿದ್ದೇನೆ. ಉಳಿದ ಪುಟಗಳು ತಮ್ಮವು. ಹಣವಿಲ್ಲದವರು ಒಂದು ಹೊರೆ ಹುಲ್ಲನ್ನು ಬರೆಸಬಹುದು. ಅದೂ ಇಲ್ಲದವರು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತೇನೆಂದು ಬರೆಸಬಹುದು.



ಜೈ ಜಿನೇಂದ್ರ.